ರಿವಾಲ್ವರ್ ಆರಿಸೋದು ಕೈಯಿಂದ, ಕಣ್ಣಿಂದಲ್ಲ

ಕಳೆದ ಆಯುಧ ಪೂಜೆಯ ದಿನ ನಮ್ಮ ಮೆಕ್ಯಾನಿಕಲ್ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ನಿಗೆ ಕುಂಕುಮ ಹಚ್ಚಿ, ವರ್ನಿಯರ್ ಕ್ಯಾಲಿಪರ್‌ ಮೇಲೆ ಸೇವಂತಿಗೆ ಇಟ್ಟು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದಾಗಿತ್ತು. ಕಡ್ಲೆಪುರಿ ತಿಂತಾ ಕೂತಿದ್ದಾಗ ಎರಡನೇ ವರ್ಷದ ಒಬ್ಬ ಕೇಳಿದ: "ಮಗಾ, ಇದೆಲ್ಲಾ ಸರಿ. ಪೂಜೆಗೆ ನಿಜವಾದ ಆಯುಧ ಇಡೋದಾದ್ರೆ, ಶೂಟಿಂಗ್ ಕಾಂಪಿಟಿಷನ್‌ಗೆ ಅಂತಾನೇ ಒಂದು ರಿವಾಲ್ವರ್ ತಗೊಳ್ಳೋದಾದ್ರೆ ಯಾವುದು ಬೆಸ್ಟು?"

ಒಂದೇ ನಿಮಿಷದಲ್ಲಿ ಹತ್ತು ಉತ್ತರ ಬಂದವು. ಒಬ್ಬ ಪಾಯಿಂಟ್ ಫೋರ್ ಫೋರ್ ಮ್ಯಾಗ್ನಮ್ ಅಂದ. ಇನ್ನೊಬ್ಬ ಸಿನಿಮಾದಲ್ಲಿ ಹೀರೋ ಹಿಡಿದಿದ್ದ, ಬೆಳ್ಳಿ ಥರ ಹೊಳೆಯೋದು ಅಂದ. ಮತ್ತೊಬ್ಬ ಗೇಮ್‌ನಲ್ಲಿ ಯಾವುದಕ್ಕೆ ಡ್ಯಾಮೇಜ್ ಜಾಸ್ತಿ ಅಂತ ಲೆಕ್ಕ ಕೊಟ್ಟ. ನಮ್ಮ ನಡುವೆ ನಿಜವಾಗಿ ಏರ್ ಪಿಸ್ತೂಲ್ ಹಿಡಿದು ಅಭ್ಯಾಸ ಮಾಡೋ ಇಲೆಕ್ಟ್ರಾನಿಕ್ಸ್ ವಿಭಾಗದ ಹುಡುಗಿ ಒಬ್ಬಳಿದ್ದಾಳೆ. ಅವಳು ಮಾತ್ರ ಪುರಿಯಲ್ಲಿದ್ದ ಕಡ್ಲೆ ಆರಿಸ್ತಾ ಸುಮ್ಮನೆ ಕೂತಿದ್ದಳು. ಕೊನೆಗೆ ಕೇಳಿದಳು: "ಯಾವ ಕಾಂಪಿಟಿಷನ್ನು? ಯಾರ ಕೈ?"

ಆ ಎರಡು ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರಾನೂ ಉತ್ತರ ಇರಲಿಲ್ಲ. ಈ ಲೇಖನ ಅಲ್ಲಿಂದ ಹುಟ್ಟಿದ್ದು. ನಮ್ಮ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀವಿ. ಸ್ಪರ್ಧೆಗೆ ರಿವಾಲ್ವರ್ ಆರಿಸೋವಾಗ ಶಕ್ತಿ, ಹೆಸರು, ಅಂದ ಇವೆಲ್ಲಾ ಕೊನೆಗೆ ಬರಬೇಕು. ಮೊದಲು ಆಟದ ನಿಯಮ, ಆಮೇಲೆ ಟ್ರಿಗರ್, ಆಮೇಲೆ ಕೈಗೆ ಹೊಂದೋ ಹಿಡಿ. ಇದನ್ನ ತಲೆಕೆಳಗು ಮಾಡಿದವರು ದುಡ್ಡಿನ ಜೊತೆಗೆ ತಮ್ಮ ಆಟವನ್ನೂ ಕಳ್ಕೋತಾರೆ.

ಮೊದಲು ನಿಯಮದ ವಿಚಾರ. ಶೂಟಿಂಗ್ ಅಂದ್ರೆ ಒಂದೇ ಆಟ ಅಲ್ಲ. ಅಂತಾರಾಷ್ಟ್ರೀಯ ಶೂಟಿಂಗ್ ಫೆಡರೇಷನ್ನಿನ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಅನ್ನೋ ಪುರುಷರ ಸ್ಪರ್ಧೆ ಇದೆ. ಒಲಿಂಪಿಕ್ಸ್‌ನಲ್ಲಿ ಇಲ್ಲ, ಆದ್ರೆ ನಮ್ಮ ದೇಶಕ್ಕೆ ತುಂಬಾ ಒಗ್ಗಿದ ಸ್ಪರ್ಧೆ. ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಇದರಲ್ಲೇ. 2006ರಲ್ಲಿ ದೋಹಾದಲ್ಲಿ 590 ಅಂಕ ಹೊಡೆದು ಆಗಿನ ವಿಶ್ವದಾಖಲೆ ಸರಿಗಟ್ಟಿದ್ದೂ ಇದರಲ್ಲೇ. ಒಟ್ಟು 60 ಗುಂಡು. ಮೊದಲ 30 ನಿಧಾನದ್ದು, ಐದೈದು ಗುಂಡಿಗೆ ಐದೈದು ನಿಮಿಷ. ಉಳಿದ 30 ವೇಗದ್ದು: ಏಳು ಸೆಕೆಂಡ್ ಕೈ ಇಳಿಸಿ ನಿಲ್ಲಬೇಕು, ಗುರಿ ಕಂಡ ಮೂರು ಸೆಕೆಂಡಿನಲ್ಲಿ ಕೈ ಎತ್ತಿ ಒಂದು ಗುಂಡು ಹೊಡೀಬೇಕು. ಎಲ್ಲಾ ಒಂದೇ ಕೈಯಲ್ಲಿ. ಗುಂಡಿನ ಅಳತೆ 7.62ರಿಂದ 9.65 ಮಿಲಿಮೀಟರ್ ಒಳಗಿರಬೇಕು, ಆಯುಧದ ತೂಕ 1400 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 1000 ಗ್ರಾಂ ಎಳೆತ ತಡೀಬೇಕು.

ಇಲ್ಲಿ ರಿವಾಲ್ವರ್‌ಗೆ ಜಾಗ ಇದೆ. ಗುಂಡುಗಳ ನಡುವೆ ಏಳು ಸೆಕೆಂಡ್ ಸಿಗೋದರಿಂದ ಹೆಬ್ಬೆರಳಿನಲ್ಲಿ ಹ್ಯಾಮರ್ ಹಿಂದಕ್ಕೆಳೆದು ಸಿದ್ಧವಾಗಬಹುದು. ಹಿಂದೆ ಎಷ್ಟೋ ಜನ ಹಾಗೇ ಹೊಡೀತಿದ್ದರು. ಈಗ ಹೆಚ್ಚಿನವರು .32 ಅಳತೆಯ ಸೆಮಿ ಆಟೋಮ್ಯಾಟಿಕ್ ಪಿಸ್ತೂಲ್ ಹಿಡೀತಾರೆ, ಯಾಕಂದ್ರೆ ಅದು ತಾನೇ ಸಿದ್ಧವಾಗುತ್ತೆ, ಕೈಯ ಹಿಡಿತ ಬದಲಾಗಲ್ಲ. ರಿವಾಲ್ವರ್‌ನಲ್ಲಿ ಪ್ರತಿ ಸಲ ಹೆಬ್ಬೆರಳು ಎತ್ತಿದಾಗ ಹಿಡಿತ ಚೂರು ಸರಿಯುತ್ತೆ. ಆ ಚೂರು ಎಷ್ಟು ದುಬಾರಿ ಅಂತ ಮುಂದೆ ಲೆಕ್ಕ ಹಾಕಿ ತೋರಿಸ್ತೀವಿ.

ಇನ್ನೊಂದು ಬೇರೆಯದೇ ಲೋಕ ಇದೆ. ರಿವಾಲ್ವರ್ ನಿಜವಾಗಿ ಇವತ್ತಿಗೂ ರಾಜನಾಗಿರೋದು ಅಮೆರಿಕದ ಓಡಾಡಿ ಹೊಡೆಯೋ ಪಂದ್ಯಗಳಲ್ಲಿ. ಪ್ರಾಕ್ಟಿಕಲ್ ಶೂಟಿಂಗ್ ಅಂತಾರೆ. 1976ರಲ್ಲಿ ಇದಕ್ಕೊಂದು ಅಂತಾರಾಷ್ಟ್ರೀಯ ಒಕ್ಕೂಟ ಆಯ್ತು. ಅಲ್ಲಿ ರಿವಾಲ್ವರ್‌ಗೇ ಪ್ರತ್ಯೇಕ ವಿಭಾಗ ಇದೆ, ಬರೀ ರಿವಾಲ್ವರ್‌ಗಾಗಿಯೇ ಪಂದ್ಯ ನಡೆಸೋ ಸಂಘವೂ ಇದೆ. ಲೂಸಿಯಾನಾದ ಜೆರ್ರಿ ಮಿಕ್ಯುಲೆಕ್ 1999ರಲ್ಲಿ ಆರು ಗುಂಡು ಹೊಡೆದು, ಮತ್ತೆ ಆರು ತುಂಬಿ, ಅವನ್ನೂ ಹೊಡೆದು ಮುಗಿಸಿದ್ದು 2.99 ಸೆಕೆಂಡಿನಲ್ಲಿ. ನಾವು ಮೊದಲ ಸಲ ಆ ವಿಡಿಯೋ ನೋಡಿದಾಗ ಫಾಸ್ಟ್ ಫಾರ್ವರ್ಡ್ ಆಗಿದೆಯೇನೋ ಅಂತ ಸೆಟ್ಟಿಂಗ್ ನೋಡಿದ್ವಿ.

ಆ ಲೋಕದ ಅನುಭವ ನಮಗೆ ಹೇಳಿದವರು ನಮ್ಮ ಕಾಲೇಜಿನದೇ ಹಳೆಯ ವಿದ್ಯಾರ್ಥಿ, ಬಹಳ ವರ್ಷದಿಂದ ಅಮೆರಿಕದಲ್ಲಿ ನೆಲೆಸಿದವರು. ಒಂದು ಭಾನುವಾರ ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ಸಿಕ್ಕರು. "ಅಣ್ಣಾ, ನಿಮ್ಮ ಮೊದಲನೇ ರಿವಾಲ್ವರ್ ಯಾವುದು?" ಅಂತ ಕೇಳಿದ್ವಿ. ಅವರು ನಕ್ಕರು. "ಅದರ ಹೆಸರು ಯಾಕೆ ಬಿಡ್ರೋ. ಸಣ್ಣದು, ಹಗುರ, ಮ್ಯಾಗ್ನಮ್ ಗುಂಡು. ಅಂಗಡಿಲಿ ಹಿಡಿದಾಗ ಮೊಬೈಲ್ ಥರ ಇತ್ತು. ಮೈದಾನದಲ್ಲಿ ಹೊಡೆದಾಗ ಕುದುರೆ ಒದ್ದ ಹಾಗಾಯ್ತು. ಆರು ತಿಂಗಳು ಅದರಲ್ಲಿ ಹೊಡೆದೆ. ಅದು ಕಲಿಸಿದ್ದು ಒಂದೇ, ಗುಂಡು ಹಾರೋಕೆ ಮುಂಚೆನೇ ಕಣ್ಣು ಮುಚ್ಚೋದು. ಅದನ್ನ ಮರೆಯೋಕೆ ಎರಡು ವರ್ಷ ಬೇಕಾಯ್ತು."

ಗುಂಡು ಹಾರೋ ಮುಂಚೆನೇ ಮೈ ಹೆದರಿ ಕೈ ಕೆಳಕ್ಕೆ ಒತ್ತೋದು. ಇದನ್ನ ಶೂಟರ್‌ಗಳು ಫ್ಲಿಂಚ್ ಅಂತಾರೆ. ಒಮ್ಮೆ ಮೈಗೆ ಹತ್ತಿದರೆ ಸುಲಭಕ್ಕೆ ಬಿಡಲ್ಲ. ನಮ್ಮ ಮಟ್ಟಿಗೆ ತಪ್ಪು ಆಯ್ಕೆಯ ಬೆಲೆ ಇದು. ದುಡ್ಡು ಹೋದರೆ ಮತ್ತೆ ಕೂಡಿಡಬಹುದು. ನರಕ್ಕೆ ತಪ್ಪು ಪಾಠ ಹತ್ತಿದರೆ ಅದನ್ನ ಅಳಿಸೋಕೆ ವರ್ಷಗಳೇ ಬೇಕು.

ಇದಕ್ಕೆ ಒಂದು ಸಣ್ಣ ಲೆಕ್ಕ. ಗುಂಡಿನ ತೂಕ 6.5 ಗ್ರಾಂ, ವೇಗ ಸೆಕೆಂಡಿಗೆ 220 ಮೀಟರ್ ಅಂದ್ಕೊಳ್ಳಿ. ಸಂವೇಗ 1.43. ಇದೇ ಸಂವೇಗ ಆಯುಧವನ್ನ ಹಿಂದಕ್ಕೆ ತಳ್ಳುತ್ತೆ. 500 ಗ್ರಾಂ ರಿವಾಲ್ವರ್ ಆದ್ರೆ ಅದು ಸೆಕೆಂಡಿಗೆ ಸುಮಾರು 2.9 ಮೀಟರ್ ವೇಗದಲ್ಲಿ ಕೈಗೆ ಗುದ್ದುತ್ತೆ. 1100 ಗ್ರಾಂ ಆದ್ರೆ 1.3 ಮೀಟರ್. ಶಕ್ತಿಯ ಲೆಕ್ಕದಲ್ಲಿ 2 ಜೂಲ್‌ಗೂ 0.9 ಜೂಲ್‌ಗೂ ಇರೋ ವ್ಯತ್ಯಾಸ. ಸಿಡಿಮದ್ದಿನ ಅನಿಲದ ತಳ್ಳುವಿಕೆ ಇದರಲ್ಲಿ ಸೇರಿಲ್ಲ, ಸೇರಿಸಿದರೂ ಕಥೆ ಅದೇ. ಗುಂಡು ಒಂದೇ, ಏಟು ಅರ್ಧಕ್ಕಿಂತ ಕಡಿಮೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಣ್ಣುಮಕ್ಕಳ ಆತ್ಮರಕ್ಷಣೆಗೆ ಅಂತ 'ನಿರ್ಭೀಕ್' ಅನ್ನೋ 500 ಗ್ರಾಂ ತೂಕದ .32 ರಿವಾಲ್ವರ್ ತಂದಿತು. ಪರ್ಸಿನಲ್ಲಿ ಇಟ್ಕೊಳ್ಳೋಕೆ ಹಗುರ ಇರೋದು ಗುಣ. ಸ್ಪರ್ಧೆಗೆ ಅದೇ ಗುಣ ದೋಷ ಆಗುತ್ತೆ. ಆಯುಧ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಅದನ್ನ ಯಾವ ಕೆಲಸಕ್ಕೆ ತಗೋತೀವಿ ಅನ್ನೋದರ ಮೇಲೆ ನಿಂತಿದೆ. ಸ್ಪರ್ಧೆಯ ರಿವಾಲ್ವರ್ ಭಾರ ಇರಬೇಕು, ಅದೂ ಭಾರ ಮುಂದಕ್ಕೆ, ಬ್ಯಾರೆಲ್ ಕಡೆಗೆ ಇರಬೇಕು. ಆಗ ಮೂತಿ ಮೇಲಕ್ಕೆ ಎಗರೋದು ಕಡಿಮೆ.

ಈಗ ಆ "ಚೂರು ಸರಿಯೋದರ" ಲೆಕ್ಕ. ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ಇರೋ ದೂರ 200 ಮಿಲಿಮೀಟರ್ ಅಂದ್ಕೊಳ್ಳಿ, ಸುಮಾರು ಆರಿಂಚು ಬ್ಯಾರೆಲ್‌ನ ರಿವಾಲ್ವರ್. ಟ್ರಿಗರ್ ಎಳೆಯೋವಾಗ ಮುಂದಿನ ಸೈಟು ಬರೀ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋಯ್ತು. 25 ಮೀಟರ್ ದೂರದಲ್ಲಿ ಗುಂಡು 62.5 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತೆ. ಆ ದೂರದ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್, ಒಂಬತ್ತರದ್ದು 100, ಎಂಟರದ್ದು 150. ಅಂದ್ರೆ ನಿಮಗೆ ಸಿಕ್ಕಿದ್ದು ಎಂಟು. ಅದೇ ತಪ್ಪನ್ನ ಗಿಡ್ಡ ಬ್ಯಾರೆಲ್‌ನ, 150 ಮಿಲಿಮೀಟರ್ ಸೈಟ್ ದೂರದ ರಿವಾಲ್ವರ್‌ನಲ್ಲಿ ಮಾಡಿದ್ರೆ ಗುಂಡು 83 ಮಿಲಿಮೀಟರ್ ಆಚೆ, ಅಂಕ ಏಳು. ಇಡೀ ಕೈಯೇ ನೇರವಾಗಿ ಐದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಐದೇ ಮಿಲಿಮೀಟರ್ ಸರಿಯುತ್ತೆ, ಹತ್ತು ಅಲ್ಲೇ ಇರುತ್ತೆ. ಕೈ ನಡುಗೋದಕ್ಕೆ ಎಲ್ಲರೂ ಹೆದರ್ತಾರೆ, ಆದ್ರೆ ಅಂಕ ತಿನ್ನೋದು ಬೆರಳಿನ ಎಳೆತ.

ಹಾಗಾಗಿ ರಿವಾಲ್ವರ್ ಆರಿಸೋದು ಅಂದ್ರೆ ನಿಜವಾಗಿ ಟ್ರಿಗರ್ ಆರಿಸೋದು. ರಿವಾಲ್ವರ್‌ನಲ್ಲಿ ಎರಡು ಥರದ ಎಳೆತ ಇದೆ. ಹ್ಯಾಮರನ್ನ ಮೊದಲೇ ಹೆಬ್ಬೆರಳಿನಲ್ಲಿ ಹಿಂದಕ್ಕೆಳೆದಿಟ್ಟರೆ ಟ್ರಿಗರ್‌ಗೆ ಉಳಿಯೋ ಕೆಲಸ ಅದನ್ನ ಬಿಡೋದಷ್ಟೇ. ಕಿಲೋ, ಒಂದೂವರೆ ಕಿಲೋ ಒತ್ತಡ, ಕಡ್ಡಿ ಮುರಿದ ಹಾಗೆ ಪಟ್ ಅನ್ನುತ್ತೆ. ಇದು ಸಿಂಗಲ್ ಆಕ್ಷನ್. ಹಾಗಲ್ಲದೆ ಟ್ರಿಗರನ್ನೇ ಉದ್ದಕ್ಕೆ ಎಳೆದರೆ ಅದು ಸಿಲಿಂಡರ್ ತಿರುಗಿಸಿ, ಹ್ಯಾಮರ್ ಹಿಂದಕ್ಕೆ ಒಯ್ದು, ಕೊನೆಗೆ ಬಿಡುತ್ತೆ. ಇದು ಡಬಲ್ ಆಕ್ಷನ್. ಕಾರ್ಖಾನೆಯಿಂದ ಬಂದ ಹಾಗೇ ಬಳಸಿದರೆ ಐದು ಕಿಲೋ ಆಸುಪಾಸು. ಒಂದು ಕಿಲೋ ತೂಕದ ಆಯುಧವನ್ನ ಐದು ಕಿಲೋ ಎಳೆತದಲ್ಲಿ ಅಲುಗಿಸದೆ ಹಿಡಿಯೋದು ತಮಾಷೆ ಅಲ್ಲ. ಬಕೆಟ್ ತುಂಬಾ ನೀರು ಹೊತ್ತು ಚೆಲ್ಲದೆ ಮೆಟ್ಟಿಲು ಹತ್ತಿದ ಹಾಗೆ.

ಇಲ್ಲಿ ನಮ್ಮ ಹುಡುಗರು ತಕ್ಷಣ ಹೇಳೋದು, "ಸ್ಪ್ರಿಂಗ್ ಸಡಿಲ ಮಾಡಿದ್ರೆ ಆಯ್ತಪ್ಪಾ." ಮಾಡ್ತಾರೆ. ಓಡಾಡಿ ಹೊಡೆಯೋ ಪಂದ್ಯದವರು ನುರಿತ ಗನ್‌ಸ್ಮಿತ್ ಹತ್ತಿರ ಕೊಟ್ಟು ಮೂರು ಕಿಲೋ ಆಸುಪಾಸಿಗೆ ಇಳಿಸ್ತಾರೆ. ಆದ್ರೆ ಆ ಸ್ಪ್ರಿಂಗೇ ಹ್ಯಾಮರ್‌ಗೆ ಬಲ ಕೊಡೋದು. ಅದು ಸಡಿಲ ಆದ್ರೆ ಕಾಡತೂಸಿನ ಹಿಂದಿನ ಪ್ರೈಮರ್‌ಗೆ ಬೀಳೋ ಏಟು ಕಡಿಮೆ, ಕೆಲವು ಕಾಡತೂಸು ಸಿಡಿಯೋದೇ ಇಲ್ಲ. ಅದಕ್ಕೇ ಆ ಪಂದ್ಯದವರು ಮೆತ್ತಗಿನ ಪ್ರೈಮರ್ ಹುಡುಕಿ ತರ್ತಾರೆ, ಫೆಡರಲ್ ಕಂಪನಿಯದ್ದಕ್ಕೆ ಅವರಲ್ಲಿ ಬೇಡಿಕೆ ಇರೋದು ಇದೇ ಕಾರಣಕ್ಕೆ. ಅಂದ್ರೆ ಟ್ರಿಗರ್ ಹಗುರ ಮಾಡಿದ ದಿನವೇ ನೀವು ಒಂದೇ ಜಾತಿಯ ಕಾಡತೂಸಿಗೆ ಕಟ್ಟುಬಿದ್ದಿರಿ. ಆ ಪ್ರೈಮರ್ ಸಿಗದ ಊರಲ್ಲಿ ಆ ರಿವಾಲ್ವರ್ ಪೇಪರ್‌ವೇಟ್. ಡಿಸೈನ್ ಕ್ಲಾಸಿನಲ್ಲಿ ಮೇಷ್ಟ್ರು ಹೇಳೋ 'ಟ್ರೇಡ್ ಆಫ್' ಅನ್ನೋ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ಎಳೆತ ಎಷ್ಟು ಕಿಲೋ ಅನ್ನೋದಕ್ಕಿಂತ ಅದು ಹೇಗಿದೆ ಅನ್ನೋದು ಮುಖ್ಯ ಅಂತ ಆ ಅಣ್ಣ ಹೇಳಿದರು. ಮೊದಲಿಂದ ಕೊನೆವರೆಗೆ ಒಂದೇ ಸಮ ಇರಬೇಕು. ನಡುವೆ ಕಲ್ಲಿಗೆ ಸಿಕ್ಕಿದ ಸೈಕಲ್ ಥರ ತಡವರಿಸಬಾರದು. ಮೂರೂವರೆ ಕಿಲೋದ ನಯವಾದ ಟ್ರಿಗರು ಎರಡೂವರೆ ಕಿಲೋದ ಒರಟು ಟ್ರಿಗರ್‌ಗಿಂತ ಮೇಲು. ಇದನ್ನ ಯಾವ ಬ್ರೋಷರಿನಲ್ಲೂ ಬರೆದಿರಲ್ಲ, ಬೆರಳಿಟ್ಟೇ ತಿಳೀಬೇಕು.

ಟ್ರಿಗರ್ ಆದ ಮೇಲೆ ಯಂತ್ರದ ಆರೋಗ್ಯ. ಆರು ಚೇಂಬರಿನ ರಿವಾಲ್ವರ್ ಅಂದ್ರೆ ಒಂದೇ ಬ್ಯಾರೆಲ್ ಹಂಚಿಕೊಂಡ ಆರು ಬಂದೂಕು. ಪ್ರತಿ ಚೇಂಬರೂ ಬ್ಯಾರೆಲ್ಲಿಗೆ ನೇರ ಸಾಲಿನಲ್ಲಿ ನಿಲ್ಲಬೇಕು. ಹ್ಯಾಮರ್ ಬೀಳೋ ಮುಂಚೆ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಬೀಗ ಹಾಕಿದ ಹಾಗೆ ನಿಲ್ಲಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಮೊದಲು ನೋಡೋದು ಇದನ್ನೇ. ಖಾಲಿ ಅಂತ ಖಾತ್ರಿ ಮಾಡ್ಕೊಂಡು, ಹ್ಯಾಮರನ್ನ ನಿಧಾನಕ್ಕೆ ಹಿಂದಕ್ಕೆಳೆದು, ಆರೂ ಚೇಂಬರಿನಲ್ಲಿ ಸಿಲಿಂಡರ್ ಪೂರ್ತಿ ಬಂದು ಕೂರುತ್ತಾ ನೋಡಬೇಕು. ಆಮೇಲೆ ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವಿನ ಸಂದು. ಅದು ಮಿಲಿಮೀಟರಿನ ಹತ್ತನೇ ಒಂದು, ಎರಡು ಭಾಗದಷ್ಟು ಇರುತ್ತೆ, ನಮ್ಮ ವರ್ಕ್‌ಶಾಪಿನ ಫೀಲರ್ ಗೇಜಿಗೆ ಸಿಗೋ ಅಳತೆ. ಜಾಸ್ತಿ ಆದ್ರೆ ಅನಿಲ ಸೋರುತ್ತೆ. ತೀರಾ ಕಡಿಮೆ ಆದ್ರೆ ಬಿಸಿಗೆ, ಮಸಿಗೆ ಸಿಲಿಂಡರ್ ಸಿಕ್ಕಿಕೊಳ್ಳುತ್ತೆ. ಸರಿ ಇದ್ದಾಗಲೂ ಆ ಸಂದಿನಿಂದ ಬಿಸಿ ಅನಿಲ ಪಕ್ಕಕ್ಕೆ ನುಗ್ಗುತ್ತೆ, ಅದಕ್ಕೇ ಅಲ್ಲಿ ಬೆರಳು ಇಡಲೇಬಾರದು.

ಈಗ ಎಷ್ಟು ಗುಂಡಿನದ್ದು, ಯಾವ ಗುಂಡಿನದ್ದು ಅನ್ನೋ ಪ್ರಶ್ನೆ. ಇಲ್ಲಿ ನಿಯಮ ಹೇಗೆ ಆಯುಧವನ್ನೇ ಬದಲಿಸುತ್ತೆ ಅಂತ ನೋಡಿ. ಅಮೆರಿಕದ ಪ್ರಾಕ್ಟಿಕಲ್ ಪಂದ್ಯದಲ್ಲಿ ಗುಂಡಿನ ತೂಕವನ್ನ ಗ್ರೇನ್‌ನಲ್ಲಿ, ವೇಗವನ್ನ ಸೆಕೆಂಡಿಗೆ ಇಷ್ಟು ಅಡಿ ಅಂತ ತಗೊಂಡು, ಗುಣಿಸಿ ಸಾವಿರದಿಂದ ಭಾಗಿಸ್ತಾರೆ. ಅದು ಪವರ್ ಫ್ಯಾಕ್ಟರ್. 165 ದಾಟಿದರೆ 'ಮೇಜರ್', 125 ದಾಟಿದರೆ 'ಮೈನರ್'. ನಟ್ಟನಡುವೆ ಹೊಡೆದರೆ ಇಬ್ಬರಿಗೂ 5 ಅಂಕ. ಅಂಚಿಗೆ ಹೋದ ಗುಂಡಿಗೆ ಮೇಜರ್‌ಗೆ 4, ಮೈನರ್‌ಗೆ 3. ಒಟ್ಟು ಅಂಕವನ್ನ ಸಮಯದಿಂದ ಭಾಗಿಸಿದ್ದೇ ಫಲಿತಾಂಶ. ಬಹಳ ಕಾಲ ಆ ವಿಭಾಗದಲ್ಲಿ ಆರು ಗುಂಡೇ ಮಿತಿ ಇತ್ತು. ಆಗ .45 ಅಳತೆಯ ಸ್ಮಿತ್ ಅಂಡ್ ವೆಸನ್ 625 ಎಲ್ಲರ ಕೈಯಲ್ಲಿ. ಆಮೇಲೆ ಮೈನರ್ ಗುಂಡಾದ್ರೆ ಎಂಟು ಹಾಕ್ಕೊಳ್ಳಬಹುದು ಅಂತ ನಿಯಮ ಬಂತು. ಎಂಟು ಗುಂಡಿನ 627, 929 ಮುಂದೆ ಬಂದವು.

ಯಾಕೆ? ಒಂದು ಕಾಲ್ಪನಿಕ ಸುತ್ತು ತಗೊಳ್ಳಿ: ಮೂರು ಜಾಗ, ಪ್ರತಿ ಜಾಗದಿಂದ ಎಂಟು ಗುಂಡು, ಒಟ್ಟು 24. ಅದರಲ್ಲಿ 18 ನಡುವೆ, 6 ಅಂಚಿಗೆ. ಮೇಜರ್‌ನವನಿಗೆ 114 ಅಂಕ, ಮೈನರ್‌ನವನಿಗೆ 108. ಎಂಟು ಗುಂಡಿನವನು ಓಡೋವಾಗಲೇ ತುಂಬಿಕೊಂಡು 20 ಸೆಕೆಂಡಿನಲ್ಲಿ ಮುಗಿಸಿದ ಅಂದ್ಕೊಳ್ಳಿ, ಅವನ ಫಲಿತಾಂಶ 5.4. ಆರು ಗುಂಡಿನವನು ಪ್ರತಿ ಜಾಗದಲ್ಲೂ ಒಮ್ಮೆ ನಿಂತು ತುಂಬಬೇಕು, ಸಲಕ್ಕೆ ಎರಡೂವರೆ ಸೆಕೆಂಡ್ ಅಂದ್ರೂ ಏಳೂವರೆ ಸೆಕೆಂಡ್ ಜಾಸ್ತಿ, ಫಲಿತಾಂಶ 4.15. ಆರು ಅಂಕ ಹೆಚ್ಚು ಗಳಿಸಿ ಪಂದ್ಯ ಸೋತ. "ಜಾಸ್ತಿ ಪವರ್ ಇರೋದು ತಗೋ" ಅನ್ನೋವರಿಗೆ ಈ ಲೆಕ್ಕ ತೋರಿಸಿ.

ತುಂಬೋದರ ಬಗ್ಗೆಯೂ ಒಂದು ಮಾತು. ಆರೂ ಕಾಡತೂಸನ್ನ ಒಟ್ಟಿಗೆ ಹಿಡಿಯೋ ತೆಳು ಉಕ್ಕಿನ ಬಿಲ್ಲೆ ಇದೆ, ಮೂನ್ ಕ್ಲಿಪ್ ಅಂತಾರೆ. ಒಂದೇ ಸಲ ಇಳಿಸಿದರೆ ತುಂಬಿತು. ಇದರ ಮೂಲ ಮೊದಲ ಮಹಾಯುದ್ಧದ 1917ರ ಅವಸರದಲ್ಲಿದೆ. ಪಿಸ್ತೂಲಿಗೆ ಅಂತ ಮಾಡಿದ, ಹಿಂದೆ ಅಂಚಿಲ್ಲದ ಕಾಡತೂಸನ್ನ ರಿವಾಲ್ವರ್‌ನಲ್ಲಿ ಬಳಸಬೇಕಾಗಿ ಬಂದಾಗ ಮೂರು ಮೂರು ಹಿಡಿಯೋ ಅರ್ಧಚಂದ್ರದ ಬಿಲ್ಲೆ ಮಾಡಿದ್ರು. ಕೊರತೆಗೆ ಹುಡುಕಿದ ಉಪಾಯ ಆಮೇಲೆ ವೇಗದ ದಾರಿ ಆಯ್ತು. ಆದ್ರೆ ಆ ಬಿಲ್ಲೆ ಚೂರು ಬಗ್ಗಿದರೂ ಸಿಲಿಂಡರ್ ತಿರುಗಲ್ಲ. ಜಾಗ್ರತೆ ಇರೋರು ಪಂದ್ಯದ ಹಿಂದಿನ ರಾತ್ರಿ ಒಂದೊಂದು ಬಿಲ್ಲೆ ಹಾಕಿ ತಿರುಗಿಸಿ ನೋಡಿ ಮಲಗ್ತಾರಂತೆ.

ನಿಂತು ಗುರಿಯಿಡೋ ಪಂದ್ಯಕ್ಕೆ ಈ ಯಾವುದೂ ಬೇಡ. ಅಲ್ಲಿ ಬೇಕಾಗಿರೋದು ವ್ಯಾಡ್‌ಕಟರ್ ಅನ್ನೋ ಮೊಂಡು ಮೂತಿಯ, ನಿಧಾನ ಹೋಗೋ ಗುಂಡು. ಅದು ಕಾಗದವನ್ನ ಪಂಚಿಂಗ್ ಮೆಷಿನ್ ಥರ ದುಂಡಗೆ ಕತ್ತರಿಸುತ್ತೆ, ಅಂಕ ಎಣಿಸೋಕೆ ಜಗಳ ಇಲ್ಲ. .38 ಸ್ಪೆಷಲ್‌ನ 148 ಗ್ರೇನ್ ಗುಂಡು 710 ಅಡಿ ವೇಗದಲ್ಲಿ ಹೋದರೆ ಅದೇ ಲೆಕ್ಕದಲ್ಲಿ 105. .32ರ 100 ಗ್ರೇನ್ ಗುಂಡು 720 ಅಡಿಯಲ್ಲಿ ಹೋದರೆ ಬರೀ 72. ಎರಡೂ ಕಾಗದದಲ್ಲಿ ಮಾಡೋ ತೂತಿಗೆ ಸಿಗೋ ಅಂಕ ಒಂದೇ. ಕಾಗದಕ್ಕೆ ನೋವಾಗಲ್ಲ ಅಂದ ಮೇಲೆ ಶಕ್ತಿ ಯಾರಿಗೆ ತೋರಿಸೋದು?

ನಮ್ಮ ಮಾತಿಗೆ ಎರಡು ಆಕ್ಷೇಪ ಬಂದಿವೆ. ಒಂದು, "ಈ ಕಾಲದಲ್ಲಿ ರಿವಾಲ್ವರ್ ಯಾಕೆ, ಪಿಸ್ತೂಲ್ ಎಲ್ಲದರಲ್ಲೂ ಮೇಲಲ್ವಾ?" ಅಂಕ, ವೇಗದ ಲೆಕ್ಕದಲ್ಲಿ ಒಪ್ತೀವಿ. ಆದ್ರೆ ಕಲಿಯೋಕೆ ರಿವಾಲ್ವರ್ ಒಳ್ಳೆ ಗುರು ಅನ್ನೋದು ನಮ್ಮ ನಂಬಿಕೆ. ಆರು ಚೇಂಬರಿನಲ್ಲಿ ನಾಲ್ಕಕ್ಕೆ ಕಾಡತೂಸು, ಎರಡಕ್ಕೆ ಡಮ್ಮಿ ಹಾಕಿ, ನೋಡದೆ ತಿರುಗಿಸಿ, ಮೈದಾನದಲ್ಲಿ ಗುರಿಯ ಕಡೆ ಹೊಡೆಯೋಕೆ ಕೊಡ್ತಾರೆ. ಡಮ್ಮಿ ಬಂದಾಗ ಸದ್ದಿಲ್ಲ, ಏಟಿಲ್ಲ, ಆದ್ರೆ ಮೂತಿ ಕೆಳಕ್ಕೆ ಕುಕ್ಕಿದ್ದು ಎಲ್ಲರಿಗೂ ಕಾಣುತ್ತೆ. ಸುಳ್ಳು ಹೇಳೋಕೆ ದಾರಿಯೇ ಇಲ್ಲ. ಆ ಅಣ್ಣ ತಮ್ಮ ಫ್ಲಿಂಚ್ ಬಿಡಿಸ್ಕೊಂಡಿದ್ದು ಹೀಗೇ.

ಎರಡನೇ ಆಕ್ಷೇಪ ಗಂಭೀರದ್ದು. "ಕ್ಯಾಂಪಸ್ಸಿನ ಕನ್ನಡ ಪತ್ರಿಕೆಯಲ್ಲಿ ಬಂದೂಕಿನ ಮಾತು ಯಾಕೆ?" ಅಂತ ನಮ್ಮ ಮೇಡಂ ಒಬ್ಬರು ಕೇಳಿದರು. ಅವರ ಆತಂಕ ತಪ್ಪಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜೀವ ತೆಗೆದ ಸುದ್ದಿ ನಮ್ಮ ದೇಶದಲ್ಲಿ ಎಷ್ಟು ಸಲ ಬಂದಿದೆ. 2019ರ ತಿದ್ದುಪಡಿಯಲ್ಲಿ ಇಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ ಅಂತ ಕಾನೂನೇ ಬರಬೇಕಾಯ್ತು. ಆದ್ರೆ ನಮ್ಮ ಉತ್ತರ ಇಷ್ಟು: ಆಯುಧವನ್ನ ಮರ್ಯಾದೆಯಿಂದ ಕಾಣೋ ಪದ್ಧತಿ ನಮ್ಮಲ್ಲೇ ಇದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇಡ್ತಾರೆ. ಪೂಜೆ ಮೊದಲು, ಆಟ ಆಮೇಲೆ, ಮನುಷ್ಯನ ಕಡೆ ಮೂತಿ ಯಾವತ್ತೂ ಇಲ್ಲ. ಶೂಟಿಂಗ್ ರೇಂಜಿನಲ್ಲಿ ಮೊದಲ ದಿನ ಕಲಿಸೋದೂ ಇದನ್ನೇ. ರಿವಾಲ್ವರ್ ಅಂದ ಕೂಡಲೇ ರೌಡಿ, ಹೀರೋ ನೆನಪಾಗೋ ಹುಡುಗರಿಗೆ ಟ್ರಿಗರ್, ತೂಕ, ಸೈಟಿನ ಲೆಕ್ಕ ಹೇಳಿಕೊಡೋದು ಆ ಭ್ರಮೆ ಇಳಿಸೋ ದಾರಿ ಅಂತ ನಾವು ಅಂದ್ಕೊಂಡಿದ್ದೀವಿ. ಮೇಡಂ ಪೂರ್ತಿ ಒಪ್ಪಿಲ್ಲ. ಲೇಖನಕ್ಕೆ ಅಡ್ಡಿಯನ್ನೂ ಮಾಡಲಿಲ್ಲ.

ಇಷ್ಟೆಲ್ಲಾ ಓದಿ ಯಾರಾದ್ರೂ ನಾಳೆನೇ ರಿವಾಲ್ವರ್ ತಗೊಳ್ಳೋಕೆ ಹೊರಟ್ರೆ, ನಿಲ್ಲಿ. ನಮ್ಮ ದೇಶದಲ್ಲಿ 21 ತುಂಬದವರಿಗೆ ಸಾಮಾನ್ಯ ಲೈಸೆನ್ಸ್ ಇಲ್ಲ. ಚಿಕ್ಕವರು ರೈಫಲ್ ಕ್ಲಬ್ಬಿನಲ್ಲಿ, ನಿಯಮದ ಪ್ರಕಾರ, ಮೇಲ್ವಿಚಾರಣೆಯಲ್ಲಿ ಮಾತ್ರ ತರಬೇತಿ ಪಡೀಬಹುದು. ಸಾಮಾನ್ಯ ಲೈಸೆನ್ಸಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಕೊಳ್ಳೋ ಹಾಗಿಲ್ಲ. ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೋಗೋರು ಇನ್ನೂ ಹುಷಾರಾಗಿರಿ. ಸ್ಟೂಡೆಂಟ್ ವೀಸಾದಲ್ಲಿರೋರು ಬಂದೂಕಾಗಲಿ ಗುಂಡಾಗಲಿ ಇಟ್ಕೊಳ್ಳೋದನ್ನ ಅಲ್ಲಿನ ಕೇಂದ್ರ ಕಾನೂನು ಕೆಲವು ವಿನಾಯ್ತಿ ಬಿಟ್ಟು ನಿಷೇಧಿಸುತ್ತೆ. ಅಂಗಡಿಯಲ್ಲಿ ಕಡ್ಲೆಕಾಯಿ ಥರ ಸಿಗುತ್ತೆ ಅಂತ ರೂಮ್‌ಮೇಟ್ ಹೇಳಿದ ಅಂತ ಕೈ ಹಾಕಿದ್ರೆ ಡಿಗ್ರಿಗೂ ಕುತ್ತು.

ದಾರಿ ಶುರುವಾಗಬೇಕಾದ್ದು ಏರ್ ಪಿಸ್ತೂಲಿನಿಂದ. 4.5 ಮಿಲಿಮೀಟರ್ ಅಳತೆ, 20 ಜೂಲ್ ಒಳಗಿನ ಶಕ್ತಿ ಇರೋದಕ್ಕೆ ನಮ್ಮಲ್ಲಿ ಲೈಸೆನ್ಸ್ ಬೇಡ. ಏಟಿಲ್ಲ, ಹಾಗಾಗಿ ಫ್ಲಿಂಚ್ ಹತ್ತೋ ಭಯವೂ ಇಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದವರು, ಅದರಿಂದ ಈ ಕಡೆ ಬಂದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಿಂದ ಬೆಳ್ಳಿ ತಂದರು. ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಮಾಮೂಲಿ ಕನ್ನಡಕ ಹಾಕ್ಕೊಂಡು ಜೇಬಲ್ಲಿ ಕೈ ಇಟ್ಟು ಬೆಳ್ಳಿ ಗೆದ್ದಾಗ ಎಲ್ಲರೂ "ಸಲಕರಣೆ ಏನೂ ಬೇಡ, ಟ್ಯಾಲೆಂಟ್ ಸಾಕು" ಅಂತ ಮೀಮ್ ಮಾಡಿದ್ರು. ಅದು ಅರ್ಧ ಸತ್ಯ. ಅವರ ಕೈಯಲ್ಲಿ ಇದ್ದದ್ದು ಸ್ಪರ್ಧೆಗೆಂದೇ ಮಾಡಿದ ಪಿಸ್ತೂಲು. ಉಳಿದ ಅರ್ಧ ಸತ್ಯಕ್ಕೆ ಮನು ಭಾಕರ್ ಸಾಕ್ಷಿ. ಟೋಕಿಯೋದಲ್ಲಿ ಅರ್ಹತಾ ಸುತ್ತಿನ ನಡುವೆ ಪಿಸ್ತೂಲು ಕೈಕೊಟ್ಟು ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. ಮೂರು ವರ್ಷ ಆದ ಮೇಲೆ ಪ್ಯಾರಿಸ್‌ನಲ್ಲಿ ಎರಡು ಕಂಚು ಬಂತು.

ಸಲಕರಣೆ ಬೇಕು, ಅದು ಕೈಗೆ ಹೊಂದಬೇಕು. ಇಲ್ಲಿಗೆ ನಾವು ಕಡ್ಲೆ ಆರಿಸ್ತಾ ಕೂತಿದ್ದ ಹುಡುಗಿಯ ಹತ್ತಿರ ವಾಪಸ್ ಬರ್ತೀವಿ. ಅವಳು ಅಭ್ಯಾಸ ಮಾಡೋದು ಬಾಡಿಗೆ ಪಿಸ್ತೂಲಿನಲ್ಲಿ. "ಹಿಡಿ ನನ್ನ ಕೈಗೆ ಒಂದು ಸೈಜ್ ದೊಡ್ಡದು ಕಣ್ರೋ. ಬೆರಳಿನ ತುದಿ ಟ್ರಿಗರ್‌ಗೆ ಸರಿಯಾಗಿ ಸಿಗಲ್ಲ, ಪಕ್ಕದಿಂದ ಎಳೀಬೇಕು," ಅಂತಾಳೆ. ಪಕ್ಕದಿಂದ ಎಳೆದರೆ ಏನಾಗುತ್ತೆ ಅಂತ ಆ ಅರ್ಧ ಮಿಲಿಮೀಟರಿನ ಲೆಕ್ಕ ಹೇಳಿದೆ. ಸ್ವಂತದ್ದಾದ್ರೆ ಮರದ ಹಿಡಿಯನ್ನ ಅರದಿಂದ ಉಜ್ಜಿ, ಪುಟ್ಟಿ ಮೆತ್ತಿ ತನ್ನ ಕೈಗೆ ಹೊಂದಿಸ್ಕೋಬಹುದು, ದೊಡ್ಡ ದೊಡ್ಡ ಶೂಟರ್‌ಗಳೂ ಅದನ್ನೇ ಮಾಡ್ತಾರೆ. ಬಾಡಿಗೆಯದ್ದನ್ನ ಮುಟ್ಟೋ ಹಾಗಿಲ್ಲ. ಹೊಸ ಮ್ಯಾಚ್ ಪಿಸ್ತೂಲು ತರಿಸಿದರೆ ಒಂದೂವರೆ ಲಕ್ಷ ದಾಟುತ್ತೆ. ಅವಳ ಅಪ್ಪನಿಗೆ ಇರೋದು ಮೂರು ಎಕರೆ ಅಡಿಕೆ ತೋಟ, ಕಾಲೇಜ್ ಫೀಸಿಗೇ ಸಾಲ ಇದೆ. ಪಿಸ್ತೂಲಿನ ಮಾತು ಮನೇಲಿ ಇನ್ನೂ ಎತ್ತಿಲ್ಲ ಅವಳು.

ಅದಕ್ಕೇ ನಮ್ಮ ಕೋರಿಕೆ ಇದು, ಕ್ರೀಡಾ ವಿಭಾಗಕ್ಕೆ, ವಿದ್ಯಾರ್ಥಿ ಸಂಘಕ್ಕೆ. ಕಾಲೇಜಿಗೆ ಒಂದು ಏರ್ ಪಿಸ್ತೂಲ್ ಬೇಕು. ಹೊಸದೇ ಆಗಬೇಕಿಲ್ಲ, ಪರೀಕ್ಷೆ ಮಾಡಿದ ಸೆಕೆಂಡ್ ಹ್ಯಾಂಡ್ ಆದ್ರೂ ಸಾಕು. ಜೊತೆಗೆ ಸಣ್ಣ, ಮಧ್ಯಮ, ದೊಡ್ಡ ಹೀಗೆ ಮೂರು ಹಿಡಿ. ಹಿಡಿಗಳನ್ನ ನಮ್ಮ ವರ್ಕ್‌ಶಾಪಿನಲ್ಲೇ ತಿದ್ದಿಕೊಡೋಕೆ ನಾವು ತಯಾರು. ಅಳತೆ ತಗೊಳ್ಳೋದು, ಅರ ಹಿಡಿಯೋದು ನಮಗೆ ಗೊತ್ತಿರೋ ಕೆಲಸವೇ. ಫೆಸ್ಟಿನ ಒಂದು ರಾತ್ರಿಯ ಡಿಜೆಗೆ ಎಷ್ಟು ಖರ್ಚಾಗುತ್ತೆ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಆ ಸದ್ದು ಬೆಳಿಗ್ಗೆಗೆ ಮುಗಿಯುತ್ತೆ. ಒಂದು ಪಿಸ್ತೂಲಿನಲ್ಲಿ ಹತ್ತು ಬ್ಯಾಚ್ ಕಲೀಬಹುದು.

ಬೆಸ್ಟು ಯಾವುದು ಅಂತ ಕೇಳಿದ್ದ ಆ ಎರಡನೇ ವರ್ಷದವನು ಮೊನ್ನೆ ಮತ್ತೆ ಸಿಕ್ಕಿದ್ದ. ಅವಳ ಜೊತೆ ರೇಂಜಿಗೆ ಹೋಗಿ ಬಂದಿದ್ದನಂತೆ. ಹತ್ತು ಗುಂಡಿಗೆ ಒಟ್ಟು 41 ಅಂಕ. ಈ ಸಲ ಪ್ರಶ್ನೆ ಬದಲಾಗಿತ್ತು. "ಗುರೂ, ಆ ಹಿಡಿ ನನ್ನ ಕೈಗೆ ಚಿಕ್ಕದಾಗ್ತಿತ್ತು. ದೊಡ್ಡದು ಸಿಗುತ್ತಾ?"